ಸಹಾಯ ಬೇಕು: ಗದ್ದೆಯಿಂದ ಬರುವ ರೇಡಿಯೋ ಪ್ಯಾಕೆಟ್‌ಗಳು ನಡುನಡುವೆ ತಪ್ಪುತ್ತಿವೆ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಬಳಿ ನಮ್ಮ ಕಬ್ಬಿನ ಗದ್ದೆಯಲ್ಲಿ ಹನಿ ನೀರಾವರಿ ಪೈಪಿನ ಒತ್ತಡವನ್ನು ಅಳೆಯುವ ಸೆನ್ಸರನ್ನು ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿಗೆ ಜೋಡಿಸಿ, ಉದ್ದ ಆಂಟೆನಾ ಇರುವ ಎನ್‌ಆರ್‌ಎಫ್24ಎಲ್01+ ರೇಡಿಯೋ ಮಾಡ್ಯೂಲ್ ಮೂಲಕ 60 ಮೀಟರ್ ದೂರದ ಪಂಪ್‌ಮನೆಗೆ ಸೆಕೆಂಡಿಗೆ 10 ಪ್ಯಾಕೆಟ್ (ದತ್ತಾಂಶದ ಚಿಕ್ಕ ತುಣುಕು) ಕಳಿಸುತ್ತಿದ್ದೇನೆ. ಮನೆಯ ಮೇಜಿನ ಮೇಲೆ ಒಂದೂ ತಪ್ಪುವುದಿಲ್ಲ. ಗದ್ದೆಯಲ್ಲಿ ಮಾತ್ರ ಕ್ರಮಸಂಖ್ಯೆ 412 ಆದಮೇಲೆ ನೇರವಾಗಿ 431 ಬರುತ್ತದೆ, ಮೋಟಾರ್ ಶುರುವಾದ ಕ್ಷಣದಲ್ಲಂತೂ ಹಲವು ಸೆಕೆಂಡು ಏನೂ ಬರುವುದಿಲ್ಲ.

ರೇಡಿಯೋ ವೇಗವನ್ನು ಸೆಕೆಂಡಿಗೆ 250 ಕಿಲೋಬಿಟ್‌ಗೆ ಇಳಿಸಿ, ಚಾನೆಲ್ 80ಕ್ಕೆ ಬದಲಿಸಿ, ಮಾಡ್ಯೂಲಿನ ಪವರ್ ಪಿನ್‌ಗಳಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದ ಮೇಲೆ ಸ್ವಲ್ಪ ಸುಧಾರಿಸಿದೆ, ಆದರೆ ಸಾಲದು. ಆಳೆತ್ತರ ಬೆಳೆದ ಕಬ್ಬಿನ ಹಸಿ ಎಲೆಗಳು 2.4 ಗಿಗಾಹರ್ಟ್ಸ್ ಅಲೆಯನ್ನು ಹೀರುತ್ತವೆ ಎಂಬುದು ನಿಜ. ಆದರೂ ಕಳಿಸುವಾಗ 100 ಮಿಲಿಆಂಪಿಯರ್‌ಗೂ ಹೆಚ್ಚು ಎಳೆಯುವ ಈ ಮಾಡ್ಯೂಲಿಗೆ ನ್ಯಾನೊದ 3.3 ವೋಲ್ಟ್ ಪಿನ್ ಸಾಲುತ್ತಿಲ್ಲವೆಂಬುದೇ ನನ್ನ ಬಲವಾದ ಅನುಮಾನ.

ಮಾಡ್ಯೂಲಿಗೆ ಪ್ರತ್ಯೇಕ 3.3 ವೋಲ್ಟ್ ರೆಗ್ಯುಲೇಟರ್ ಹಾಕಿದರೆ ಸರಿಹೋದೀತೆ? ಪವರ್ ಕುಸಿತವನ್ನೂ ಮೋಟಾರಿನಿಂದ ಬರುವ ಅಡಚಣೆಯನ್ನೂ ಬೇರೆಬೇರೆಯಾಗಿ ಗುರುತಿಸುವುದು ಹೇಗೆ? ಇಲ್ಲವೇ ನಮ್ಮಲ್ಲಿ ಲೈಸೆನ್ಸ್ ಬೇಡದ 865–868 ಮೆಗಾಹರ್ಟ್ಸ್‌ನ ಲೋರಾಗೆ (ದೂರಕ್ಕೆ ತಲುಪುವ, ನಿಧಾನ ವೇಗದ ರೇಡಿಯೋ) ಬದಲಾಯಿಸುವುದಾದರೆ, ಅದರಲ್ಲಿ ಸೆಕೆಂಡಿಗೆ 10 ಪ್ಯಾಕೆಟ್ ಕಳಿಸಿ ಅನುಭವ ಇರುವವರು ದಯವಿಟ್ಟು ತಿಳಿಸಿ. ಮೈಸೂರು, ಮಂಡ್ಯ ಕಡೆ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತ ತೋರಿಸುವ ಉಪಕರಣ) ಇರುವವರು ಯಾರಾದರೂ ಇದ್ದರೆ ಬೋರ್ಡನ್ನು ನಾನೇ ತಂದು ತೋರಿಸುತ್ತೇನೆ.