ಗಂಡನೂ ಲೀಡರ್, ಹೆಂಡತಿಯೂ ಲೀಡರ್: ಮನೆಯ ವಾಟ್ಸಾಪ್ ಗುಂಪಿನಲ್ಲೊಂದು ಜಗಳ

ನಾನು: ಈ ತುಣುಕು ನೋಡಿ. ‘ದಿ ಡಿಪ್ಲೊಮ್ಯಾಟ್’ ಮೊದಲ ಸೀಸನ್, 2023ರದ್ದು. ಕೇಟ್ ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿ. ಗಂಡ ಹ್ಯಾಲ್ ಮಾಜಿ ರಾಯಭಾರಿ. ಸರ್ಕಾರಿ ಬಂಗಲೆಯ ತೋಟದಲ್ಲಿ ಇಬ್ಬರೂ ಬಿದ್ದು ಹೊರಳಾಡಿ ಬಡಿದಾಡುತ್ತಾರೆ. ರಾಜಕೀಯ ಸೀರಿಯಲ್‌ಗಳಲ್ಲಿ ಇಷ್ಟು ನಂಬುವ ಹಾಗಿರುವ ಗಂಡ-ಹೆಂಡತಿಯನ್ನು ನಾನು ಕಂಡಿಲ್ಲ.

ಮಾವ: ಏನು ನಂಬುವುದು? ಸುತ್ತ ಕಾವಲಿರುವ ಮನೆ. ಅಲ್ಲಿ ರಾಯಭಾರಿ ಗಂಡನಿಗೆ ಬಾರಿಸುತ್ತಾಳಂತೆ. ‘ಹೌಸ್ ಆಫ್ ಕಾರ್ಡ್ಸ್’ ನೋಡು. ರಾಜಕಾರಣಿ ಫ್ರಾಂಕ್, ಅವನ ಹೆಂಡತಿ ಕ್ಲೇರ್ ಕಿಟಕಿ ಹತ್ತಿರ ನಿಂತು ಒಂದೇ ಸಿಗರೇಟು ಸೇದುತ್ತಾರೆ. ಅಷ್ಟರಲ್ಲೇ ಎಲ್ಲ ಗೊತ್ತಾಗುತ್ತದೆ.

ಅತ್ತೆ: ಏನು ಗೊತ್ತಾಗುತ್ತದೆ ರೀ? ಇಬ್ಬರೂ ಸೇರಿ ಇನ್ಯಾರನ್ನೋ ಮುಗಿಸಲು ಹೊರಟಿದ್ದಾರೆ ಅಂತ, ಅಷ್ಟೇ. ಐದು ಸೀಸನ್ ಒಟ್ಟಿಗಿದ್ದರು. ಒಂದು ದಿನ ಕನ್ನಡಕ ಹುಡುಕಿದ್ದು, ಮಾತ್ರೆ ಮರೆತದ್ದು ನನಗಂತೂ ನೆನಪಿಲ್ಲ. ಅದು ಸಂಸಾರ ಅಲ್ಲ, ಕಂಪನಿ. ನೀವು ಇವತ್ತು ಬೆಳಿಗ್ಗೆ ಎರಡೂ ಮಾಡಿದ್ದೀರಿ.

ಮಾವ: ನನ್ನ ಕನ್ನಡಕದ ವಿಷಯ ಗುಂಪಿಗೆ ಯಾಕೆ?

ಅಕ್ಕ: ಕನ್ನಡಕ, ಮಾತ್ರೆ ತೋರಿಸಿದರೆ ಸಾಲದು ಅತ್ತೆ. ಇಬ್ಬರೂ ಲೀಡರ್ ಆದ ಮನೆಯಲ್ಲಿ ನಿಜವಾದ ಜಗಳ ಒಂದೇ, ಈಗ ಯಾರ ಸರದಿ ಅಂತ. ಡೆನ್ಮಾರ್ಕಿನ ‘ಬೋರ್ಗೆನ್’ ನೋಡಿ, 2010ರದ್ದು. ಬಿರ್ಗಿಟ್ಟೆ ಪ್ರಧಾನಿ ಆಗುತ್ತಾಳೆ. ದೊಡ್ಡ ಕೆಲಸ ಸರದಿಯ ಮೇಲೆ ಅಂತ ಗಂಡ-ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು. ಗಂಡ ಫಿಲಿಪ್ ಮನೆ, ಮಕ್ಕಳನ್ನು ನೋಡಿಕೊಳ್ಳುತ್ತಾನೆ. ಕೊನೆಗೂ ಅವನಿಗೆ ಒಳ್ಳೆಯ ಕೆಲಸ ಸಿಗುತ್ತದೆ. ಆದರೆ ಆ ಕಂಪನಿಗೂ ಸರ್ಕಾರದ ಯುದ್ಧವಿಮಾನ ಖರೀದಿಗೂ ನಂಟು. ಬಿಡು ಅಂತ ಅವಳು ಕೇಳುತ್ತಾಳೆ. ಅಲ್ಲಿಗೆ ಮದುವೆ ಮುಗಿಯಿತು.

ಮಾವ: ಅವಳು ಪ್ರಧಾನಿ. ದೇಶ ಮುಖ್ಯ ಅಲ್ವಾ? ಅವನು ಸ್ವಲ್ಪ ತಡೆದುಕೊಳ್ಳಬೇಕಿತ್ತು.

ಅತ್ತೆ: ಪ್ರಧಾನಿ ಗಂಡಸಾಗಿದ್ದರೆ ಆ ಎಪಿಸೋಡೇ ಇರುತ್ತಿರಲಿಲ್ಲ. ಹೆಂಡತಿ ಸುಮ್ನೆ ಕೆಲಸ ಬಿಡುತ್ತಿದ್ದಳು. ಅದನ್ನು ಕಥೆ ಅಂತ ಯಾರೂ ಬರೆಯುತ್ತಿರಲಿಲ್ಲ.

ತಮ್ಮ: ಬರೆದಿದ್ದಾರೆ ಅತ್ತೆ, ‘ದಿ ವೆಸ್ಟ್ ವಿಂಗ್’ನಲ್ಲಿ. ಅಮೆರಿಕದ ಅಧ್ಯಕ್ಷ ಬಾರ್ಟ್ಲೆಟ್‌ಗೆ ಮಲ್ಟಿಪಲ್ ಸ್ಕ್ಲಿರೋಸಿಸ್, ಅಂದರೆ ನರಗಳ ಕಾಯಿಲೆ. ಜನರಿಂದ ಮುಚ್ಚಿಟ್ಟಿದ್ದಾನೆ. ಹೆಂಡತಿ ಅಬಿ ಡಾಕ್ಟರ್. ಒಂದೇ ಅವಧಿ, ಆಮೇಲೆ ಸಾಕು ಅಂತ ಅವಳಿಗೆ ಮಾತು ಕೊಟ್ಟಿದ್ದ. ಮತ್ತೆ ನಿಲ್ಲುತ್ತಾನೆ. ಗುಟ್ಟಾಗಿ ಔಷಧಿ ಕೊಟ್ಟ ತಪ್ಪಿಗೆ ಲೈಸೆನ್ಸ್ ಬಿಟ್ಟುಕೊಡುವುದು ಅವಳು.

ಅಕ್ಕ: ಚೆನ್ನಾಗಿದೆ. ನಿಂತು ಗೆದ್ದದ್ದು ಅವನು, ದಂಡ ತೆತ್ತದ್ದು ಅವಳು.

ಚಿಕ್ಕಪ್ಪ: 🌹 ಶುಭ ಮುಂಜಾನೆ 🌹

ಅತ್ತೆ: ಸಂಜೆ ಆರಾಯಿತು ಕಣೋ.

ಚಿಕ್ಕಪ್ಪ: ಮೇಲಿನದು ಈಗ ಓದಿದೆ. ಸೀರಿಯಲ್ ಯಾಕಮ್ಮ, ನಿಜದ್ದೇ ಇದೆ. ಅಮೆರಿಕದ ರಾಜಕಾರಣಿ ಗಂಡ-ಹೆಂಡತಿ ಬಾಬ್ ಡೋಲ್, ಎಲಿಜಬೆತ್ ಡೋಲ್. ಆಕೆ ಸಾರಿಗೆ ಸಚಿವೆ. ಗಂಡ ಅಧ್ಯಕ್ಷ ಚುನಾವಣೆಗೆ ಹೊರಟ ಅಂತ 1987ರಲ್ಲಿ ಹುದ್ದೆ ಬಿಟ್ಟು ಪ್ರಚಾರಕ್ಕೆ ಹೋದಳು. 1999ರಲ್ಲಿ ಆಕೆಯೇ ಹೊರಟಳು. ಆಗ ಈ ಪುಣ್ಯಾತ್ಮ ಪತ್ರಿಕೆಯವರ ಹತ್ತಿರ ಏನಂದ ಗೊತ್ತಾ? ಹೆಂಡತಿಯ ಎದುರಾಳಿ ಮೆಕೇನ್‌ಗೆ ದುಡ್ಡು ಕೊಡುವ ಯೋಚನೆ ಇದೆ ಅಂತ!

ಅತ್ತೆ: ಅಯ್ಯೋ ಶಿವನೇ. ಆಮೇಲೆ ಬಿಟ್ಟಳಾ ಅವನನ್ನು?

ಚಿಕ್ಕಪ್ಪ: ಇಲ್ಲ. 1975ರಲ್ಲಿ ಮದುವೆ. 2021ರಲ್ಲಿ ಆತ ತೀರಿಕೊಳ್ಳುವವರೆಗೂ ಒಟ್ಟಿಗಿದ್ದರು.

ಮಾವ: ಇದನ್ನೇ ಸೀರಿಯಲ್‌ನಲ್ಲಿ ತೋರಿಸಿದ್ದರೆ ‘ಎಲ್ಲಾದರೂ ಉಂಟೇ’ ಅನ್ನುತ್ತಿದ್ದೆ.

ನಾನು: ತೋಟದ ಜಗಳಕ್ಕೂ ಅದನ್ನೇ ಅಂದಿರಿ ಮಾವ. ನನಗೆ ಆ ಜೋಡಿ ಯಾಕೆ ಇಷ್ಟ ಅಂದರೆ, ಬರೆದವರು ಹ್ಯಾಲ್‌ನನ್ನು ಕೆಟ್ಟವನಾಗಿ ಮಾಡಿಲ್ಲ. ಕೇಟ್ ಹೆಸರು ಉಪಾಧ್ಯಕ್ಷ ಸ್ಥಾನಕ್ಕೆ ಓಡಾಡುತ್ತಿದೆ. ಅದು ಅವನಿಗೆ ಗೊತ್ತು, ಅವಳಿಗೇ ಗೊತ್ತಿಲ್ಲ. ಅವಳು ಯೋಗ್ಯಳು ಅಂತ ಅವನು ನಿಜವಾಗಿ ನಂಬಿದ್ದಾನೆ. ಆದರೆ ಅವಳನ್ನು ಒಂದು ಮಾತು ಕೇಳಬೇಕು ಅಂತ ಮಾತ್ರ ಅನ್ನಿಸುವುದಿಲ್ಲ. ಅವಳಿಗೆ ಅವನಿಗಿಂತ ಒಳ್ಳೆಯ ಸಲಹೆಗಾರ ಇಲ್ಲ, ಅವನಿಗಿಂತ ದೊಡ್ಡ ಕಾಟವೂ ಇಲ್ಲ. ಡೈವೋರ್ಸ್ ಮಾತು ನಡೆಯುತ್ತಿದೆ. ಇರಾನ್ ವಿಷಯ ಬಂದರೆ ಸಾಕು, ಇಬ್ಬರೂ ಎಲ್ಲ ಮರೆತು ಒಟ್ಟಿಗೆ ತಲೆ ಓಡಿಸುತ್ತಾರೆ. ಆ ಕೆಲಸದ ಹುಚ್ಚೇ ಅವರ ಪ್ರೀತಿ ಅಂತ ನನಗೆ ಅನ್ನಿಸುತ್ತದೆ. ‘ಹೌಸ್ ಆಫ್ ಕಾರ್ಡ್ಸ್’ನಲ್ಲಿ ಅಧಿಕಾರದ ಹಸಿವು ಜಾಸ್ತಿ ಇದೆ, ಕೆಲಸದ ಹುಚ್ಚು ಕಾಣುವುದಿಲ್ಲ.

ಅಕ್ಕ: ಅದು ಒಪ್ಪಿದೆ. ಆದರೂ ಸರದಿ ಲೆಕ್ಕ ಎಲ್ಲಿ?

ತಮ್ಮ: ಮೂರನೇ ಸೀಸನ್‌ನಲ್ಲಿ! ಅವಳಿಗೆ ಅಂತ ಅಷ್ಟೆಲ್ಲ ಓಡಾಡಿದ ಉಪಾಧ್ಯಕ್ಷ ಸ್ಥಾನ ಕೊನೆಗೆ ಹ್ಯಾಲ್‌ಗೇ ಸಿಗುತ್ತದೆ. ಇದಕ್ಕಿಂತ ಬೇಕಾ?

ಅತ್ತೆ: ನಾನಿನ್ನೂ ಎರಡನೇ ಸೀಸನ್‌ನಲ್ಲಿದ್ದೇನೆ!!

ತಮ್ಮ: ಈ ಸಂದೇಶವನ್ನು ಅಳಿಸಲಾಗಿದೆ

ಅತ್ತೆ: ಈಗ ಅಳಿಸಿ ಏನು ಬಂತು? ಓದಿ ಆಯಿತು.

ತಮ್ಮ: ಸಾರಿ ಅತ್ತೆ 🙏

ಮಾವ: ಹುಡುಗನಿಗೆ ಬೈಯಬೇಡ. ಅದು ಅಂಥ ದೊಡ್ಡ ಗುಟ್ಟೇನಲ್ಲ. ಎರಡನೇ ಎಪಿಸೋಡ್‌ಗೆಲ್ಲ ಗೊತ್ತಾಗಿಬಿಡುತ್ತದೆ.

ಅತ್ತೆ: ನಿಮಗೆ ಹೇಗೆ ಗೊತ್ತು?

ಅತ್ತೆ: ರೀ.

ಅತ್ತೆ: ಒಟ್ಟಿಗೆ ನೋಡೋಣ ಅಂದಿದ್ದಿರಿ.

ಅಕ್ಕ: ಮಾವ, ಆಫ್‌ಲೈನ್ ಹೋಗಿಬಿಡಿ.

ಅತ್ತೆ: ಹೋಗಲಿ, ಎಲ್ಲಿಗೆ ಹೋಗುತ್ತಾರೆ? ಪಕ್ಕದ ರೂಮಿನಲ್ಲೇ ಇದ್ದಾರೆ.