ಗ್ರಂಥಾಲಯದ ಬಾಗಿಲಿಗೆ ರ‍್ಯಾಂಪ್: ಉದ್ದ ಎಷ್ಟಿರಬೇಕು?

ಪ್ರಶ್ನೆ (ಮಂಡ್ಯ ತಾಲ್ಲೂಕು): ನಮ್ಮೂರ ಪಂಚಾಯ್ತಿ ಗ್ರಂಥಾಲಯದ ಬಾಗಿಲು ನೆಲದಿಂದ 45 ಸೆಂ.ಮೀ. ಮೇಲಿದೆ. 2 ಮೀಟರ್ ರ‍್ಯಾಂಪ್ ಸಾಕು ಅಂತಾರೆ ಮೇಸ್ತ್ರಿ. ವೀಲ್‌ಚೇರ್‌ನವರು ಯಾರ ಕೈಯೂ ಹಿಡಿಯದೆ ಒಳಗೆ ಬರಬೇಕು. ಬಾಗಿಲ ಮುಂದೆ 4 ಮೀಟರ್ ಜಾಗ, ಗೋಡೆಯ ಪಕ್ಕ ಉದ್ದಕ್ಕೂ ಖಾಲಿ.

ಉತ್ತರ 1: ಸಾಲದು ಸಾರ್. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೇ ಬೇಕು, ಅಂದರೆ ನಿಮಗೆ 5.4 ಮೀಟರ್. ಕಡಿದಾದರೆ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತೆ, ಇಳಿಯುವಾಗ ಹಿಡಿತಕ್ಕೆ ಸಿಗಲ್ಲ. ಗೋಡೆಗುಂಟ ಕಟ್ಟಿಸಿ. ಅಗಲ 1.2 ಮೀಟರ್. ಬಾಗಿಲೆದುರು 1.5 ಮೀಟರ್ ಚೌಕ ಸಮತಟ್ಟಾಗಿರಲಿ, ಕುರ್ಚಿ ತಿರುಗಿಸೋಕೆ.

ಉತ್ತರ 2: ನುಣುಪು ಗ್ರಾನೈಟ್ ಬೇಡ, ಮಳೆಗೆ ಜಾರುತ್ತೆ. ಸಿಮೆಂಟ್ ಹಸಿಯಿದ್ದಾಗಲೇ ಪೊರಕೆಯಿಂದ ಅಡ್ಡಗೀರು ಎಳೆಸಿ. ಎರಡೂ ಬದಿ ಹಿಡಿಕಂಬಿ, ಅಂಚಿಗೆ 10 ಸೆಂ.ಮೀ. ಕಟ್ಟೆ, ಇಲ್ಲದಿದ್ದರೆ ಮುಂದಿನ ಚಿಕ್ಕ ಚಕ್ರ ಹೊರಕ್ಕೆ ಇಳಿದುಬಿಡುತ್ತೆ. ಎಲ್ಲರೂ ಮರೆಯೋದು ಹೊಸ್ತಿಲು! ಅದನ್ನ ತೆಗೆಸದಿದ್ದರೆ ಇಷ್ಟೆಲ್ಲ ಮಾಡಿಯೂ ಬಾಗಿಲಲ್ಲೇ ನಿಲ್ಲಬೇಕು.

ಉತ್ತರ 3: ದುಡ್ಡಿಗೆ ದಾನಿಗಳನ್ನ ಹುಡುಕಬೇಡಿ, ಇದು ಹಕ್ಕು. ಪಂಚಾಯ್ತಿ ತನ್ನ ಸ್ವಂತ ಆದಾಯದಲ್ಲಿ ಶೇ. 5 ಅಂಗವಿಕಲರಿಗೇ ಮೀಸಲಿಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿ ಪಿಡಿಓಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಗ್ರಾಮಸಭೆ ನಡಾವಳಿಯಲ್ಲೂ ಬರೆಸಿ. ಕದಲದಿದ್ದರೆ ಆ ಸ್ವೀಕೃತಿ ಇಟ್ಟು ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಿ.