1986ರ ಮಾರಿಯೋ ಆನಿಮೆ ಟೇಪು: ಟಿವಿಯಲ್ಲಿ ಬಣ್ಣ ಇದೆ, ಕ್ಯಾಪ್ಚರ್ ಮಾಡಿದರೆ ಕಪ್ಪು-ಬಿಳುಪು

ಟೇಪುಪ್ರಿಯ:
ಜಪಾನಿನಿಂದ ಒಂದು ಹಳೇ ವಿಎಚ್‌ಎಸ್ ಕ್ಯಾಸೆಟ್ ತರಿಸಿದ್ದೇನೆ. ‘ಸೂಪರ್ ಮಾರಿಯೋ ಬ್ರದರ್ಸ್: ಪೀಚ್-ಹಿಮೆ ಕ್ಯೂಶುತ್ಸು ದೈ ಸಾಕುಸೆನ್’. ಮಸಾಮಿ ಹಾತಾ ನಿರ್ದೇಶನ, 1986ರ ಜುಲೈ 20ರಂದು ತೆರೆಕಂಡದ್ದು, ಸುಮಾರು ಒಂದು ಗಂಟೆಯ ಸಿನಿಮಾ. ಡಿವಿಡಿ ಬರಲೇ ಇಲ್ಲ, ಅದಕ್ಕೇ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದೇನೆ.

ವಿಸಿಆರ್ ಗಲ್ಫ್‌ನಿಂದ ಬಂದ ಮಲ್ಟಿಸಿಸ್ಟಮ್, ಅಂದರೆ ಬೇರೆ ಬೇರೆ ದೇಶಗಳ ಟೇಪು ಓಡಿಸುವಂಥದ್ದು. ಟಿವಿಗೆ ಕೊಟ್ಟರೆ ಬಣ್ಣ ಚೆನ್ನಾಗಿದೆ. ವಿಡಿಯೋವನ್ನು ಕಂಪ್ಯೂಟರಿಗೆ ಇಳಿಸುವ ಯುಎಸ್‌ಬಿ ಡಾಂಗಲ್‌ಗೆ ಕೊಟ್ಟರೆ ಪೂರ್ತಿ ಕಪ್ಪು-ಬಿಳುಪು. ಧ್ವನಿ ಸರಿ ಇದೆ. ವರ್ಚುವಲ್‌ಡಬ್ ಅನ್ನುವ ಕ್ಯಾಪ್ಚರ್ ಸಾಫ್ಟ್‌ವೇರ್‌ನಲ್ಲಿ ಎನ್‌ಟಿಎಸ್‌ಸಿ-ಎಂ (ಅಮೆರಿಕದ ಟಿವಿ ಸಿಗ್ನಲ್ ಪದ್ಧತಿ) ಆರಿಸಿದ್ದೇನೆ, ಕೇಬಲ್ ಬದಲಿಸಿಯೂ ನೋಡಿದೆ. ಟೇಪೇ ಹೋಗಿದೆಯಾ?

ರಿಮೋಟುರಾಯ:
ವಿಸಿಆರ್‌ನ ಹೆಡ್ (ಟೇಪು ಓದುವ ಭಾಗ) ಕ್ಲೀನ್ ಮಾಡಿ ನೋಡಿ. ಆಗಲಿಲ್ಲ ಅಂದರೆ ಬಿಟ್ಟುಬಿಡಿ. 2022ರಲ್ಲಿ ಅಭಿಮಾನಿಗಳು ಫಿಲ್ಮ್ ಪ್ರಿಂಟ್‌ನಿಂದಲೇ 4ಕೆ ಆವೃತ್ತಿ ತಯಾರಿಸಿದ್ದಾರಲ್ಲ.

ಹಳೇಟ್ರ್ಯಾಕಿಂಗ್:
ಹೆಡ್ ಕೊಳೆಯಾಗಿದ್ದರೆ ಟಿವಿಯಲ್ಲೂ ಚುಕ್ಕೆ, ಗೆರೆ ಕಾಣಬೇಕಿತ್ತು. ಟೇಪು ಗಟ್ಟಿಯಾಗಿದೆ. ತೊಂದರೆ ಇರುವುದು ವಿಸಿಆರ್ ಹೊರಗೆ ಕಳಿಸುವ ಸಿಗ್ನಲ್‌ನಲ್ಲಿ.

ಜಪಾನಿನ ಟೇಪು ಎನ್‌ಟಿಎಸ್‌ಸಿ ಪದ್ಧತಿಯದು. 525 ಗೆರೆ, ಬಣ್ಣದ ಸಿಗ್ನಲ್ 3.58 ಮೆಗಾಹರ್ಟ್ಸ್. ನಮ್ಮ ಕಡೆ ಟಿವಿಗಳದ್ದು ಪಾಲ್ ಅನ್ನುವ ಬೇರೆ ಪದ್ಧತಿ, ಅದರಲ್ಲಿ ಬಣ್ಣ 4.43ರಲ್ಲಿ ಬರುತ್ತದೆ. ಅದಕ್ಕೇ ಮಲ್ಟಿಸಿಸ್ಟಮ್ ವಿಸಿಆರ್‌ಗಳು ಗೆರೆಗಳನ್ನು ಹಾಗೇ ಬಿಟ್ಟು ಬಣ್ಣವನ್ನು ಮಾತ್ರ ಪಾಲ್‌ಗೆ ಬದಲಿಸಿ ಕಳಿಸುತ್ತವೆ. ಇದೇ ಪಾಲ್-60. ಟಿವಿ ಖುಷಿಯಾಗಿ ತೋರಿಸುತ್ತದೆ. ನಿಮ್ಮ ಡಾಂಗಲ್ ಮಾತ್ರ 3.58ರಲ್ಲೇ ಬಣ್ಣ ಹುಡುಕುತ್ತದೆ, ಸಿಗದಿದ್ದರೆ ಬಣ್ಣ ಆಫ್ ಮಾಡಿಬಿಡುತ್ತದೆ.

ವಿಸಿಆರ್ ಹಿಂದೆ ಅಥವಾ ಮೆನುವಿನಲ್ಲಿ ‘ಎನ್‌ಟಿಎಸ್‌ಸಿ 3.58’ ಅನ್ನುವ ಆಯ್ಕೆ ಹುಡುಕಿ, ಅದಕ್ಕೆ ಹಾಕಿ. ಆಮೇಲೆ ಟಿವಿಯಲ್ಲಿ ಬಣ್ಣ ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಆಯ್ಕೆ ಇಲ್ಲದಿದ್ದರೆ ಸಾಫ್ಟ್‌ವೇರ್‌ನಲ್ಲಿ ಪಾಲ್-60 ಆರಿಸಿ. ಅಗ್ಗದ ಡಾಂಗಲ್‌ಗಳು ಪಟ್ಟಿಯಲ್ಲಿ ಅದನ್ನು ತೋರಿಸುತ್ತವೆ, ಕೆಲಸ ಮಾಡುವುದು ಅನುಮಾನ.

ಟೇಪುಪ್ರಿಯ:
ಹಿಂದೆ ಸಣ್ಣ ಸ್ವಿಚ್ ಇತ್ತು! ಬಣ್ಣ ಬಂತು, ತುಂಬಾ ಥ್ಯಾಂಕ್ಸ್. ಆದರೆ ಕತ್ತಲೆ ಜಾಸ್ತಿ. ಶುರುವಿನಲ್ಲೇ ಮಾರಿಯೋ ರಾತ್ರಿ ಕೂತು ಫ್ಯಾಮಿಕಾಮ್ ವಿಡಿಯೋ ಗೇಮ್ ಆಡುತ್ತಾನಲ್ಲ, ಅಲ್ಲಿ ಕೋಣೆಯೇ ಕಾಣುವುದಿಲ್ಲ. ಅವನ ತಮ್ಮ ಲುಯಿಜಿಯ ಅಂಗಿ ಹಳದಿ ಕಾಣುತ್ತಿದೆ, ಹಸಿರು ಇರಬೇಕಲ್ವಾ? ಹ್ಯೂ (ಬಣ್ಣದ ಛಾಯೆ) ಎಷ್ಟು ತಿರುಗಿಸಲಿ? ಪಾತ್ರಗಳು ಓಡಾಡುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆಗಳೂ ಬರುತ್ತವೆ.

ಹಳೇಟ್ರ್ಯಾಕಿಂಗ್:
ಹ್ಯೂ ಮುಟ್ಟಲೇಬೇಡಿ! ಈ ಸಿನಿಮಾದಲ್ಲಿ ಲುಯಿಜಿ ಅಂಗಿ ಹಳದಿಯೇ. ಅವನನ್ನು ಹಸಿರು ಮಾಡಲು ಹೋದರೆ ಉಳಿದವರ ಮುಖವೆಲ್ಲ ಕೆಡುತ್ತದೆ.

ಕತ್ತಲೆಗೆ ಎನ್‌ಟಿಎಸ್‌ಸಿ-ಎಂ ಬದಲು ಎನ್‌ಟಿಎಸ್‌ಸಿ-ಎಂ-ಜೆ (ಜಪಾನಿನ ಪದ್ಧತಿ) ಆರಿಸಿ. ಅಮೆರಿಕದಲ್ಲಿ ಕಪ್ಪು ಶುರುವಾಗುವುದು 7.5 ಐಆರ್‌ಇಯಲ್ಲಿ (ಸಿಗ್ನಲ್ ಮಟ್ಟದ ಅಳತೆ), ಜಪಾನಿನಲ್ಲಿ 0ಯಲ್ಲಿ. ಸೆಟ್ಟಿಂಗ್ ತಪ್ಪಿದರೆ ನೆರಳಿನ ಭಾಗ ಮುಳುಗಿಹೋಗುತ್ತದೆ. ಮತ್ತೆ ಕ್ಯಾಪ್ಚರ್ ಮಾಡಬೇಕು. ಆಮೇಲೆ ಬ್ರೈಟ್‌ನೆಸ್ ಏರಿಸಿದರೆ ಹೋದ ವಿವರ ವಾಪಸ್ ಬರುವುದಿಲ್ಲ.

ಬಾಚಣಿಗೆ ಗೆರೆ ಟೇಪಿನ ದೋಷವಲ್ಲ. ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು ವಿಡಿಯೋದ 29.97ಕ್ಕೆ ಹಿಗ್ಗಿಸಿದ್ದಾರೆ. ಒಂದೊಂದೇ ಫ್ರೇಮ್ ಸರಿಸಿ ನೋಡಿ, ಮೂರು ಶುದ್ಧ, ಎರಡು ಗೆರೆ, ಹೀಗೆ ಬರುತ್ತಿರುತ್ತದೆ. ಸುಮ್ನೆ ಡೀಇಂಟರ್‌ಲೇಸ್ (ಗೆರೆ ಅಳಿಸುವ ಆಯ್ಕೆ) ಒತ್ತಿದರೆ ಚಿತ್ರ ಮಸುಕಾಗುತ್ತದೆ, ಚಲನೆಯೂ ತಡವರಿಸುತ್ತದೆ. ಏವಿಸಿಂತ್ ಅನ್ನುವ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಮೂಲ ಫ್ರೇಮ್ ಜೋಡಿಸುವ ಟಿಎಫ್‌ಎಂ, ಅದರ ಹಿಂದೆಯೇ ಹೆಚ್ಚುವರಿ ಫ್ರೇಮ್ ತೆಗೆಯುವ ಟಿಡೆಸಿಮೇಟ್ ಫಿಲ್ಟರ್ ಹಾಕಿ. 23.976ಕ್ಕೆ ಇಳಿಯುತ್ತದೆ.

ಕ್ಯಾಪ್ಚರ್ ಮಾಡುವಾಗ ಮಾತ್ರ ಯಾವ ಫಿಲ್ಟರೂ ಬೇಡ. ಹಫ್‌ವೈಯುವಿ ಥರದ, ಗುಣಮಟ್ಟ ಕಳೆಯದ ಲಾಸ್‌ಲೆಸ್ ಕೋಡೆಕ್‌ನಲ್ಲಿ ಇಳಿಸಿ, ಆ ಫೈಲು ಅಳಿಸಬೇಡಿ. ಮತ್ತೆ ಪ್ಲೇ ಮಾಡುವ ಮೊದಲು ಕ್ಯಾಸೆಟ್ ಕಿಟಕಿಯಲ್ಲಿ ಸುರುಳಿಯ ಅಂಚು ನೋಡಿ. ಬಿಳಿ ಬೂಷ್ಟು ಕಂಡರೆ ವಿಸಿಆರ್‌ಗೆ ಹಾಕಲೇಬೇಡಿ, ಮೊದಲು ಫೋಟೋ ತೆಗೆದು ಇಲ್ಲಿ ಹಾಕಿ.